ಹೂಂಗುಟ್ಟುವ ಪಾಠ

ಸ್ಪ್ಯಾನಿಷ್ ತರಗತಿಯಲ್ಲಿ ಅಂದು ಹೂಂಗುಟ್ಟುವುದರ ಪಾಠ.

"ಒಬ್ಬರು ಯಾವ ಭಾಷೇಲಾದ್ರೂ ಏನಾದ್ರೂ ಹೇಳ್ತಾ ಹೋಗಿ. ಇನ್ನೊಬ್ರು ಸ್ಪ್ಯಾನಿಷ್‌ನಲ್ಲಿ ಹೂಂ ಅನ್ನಿ. ಅರ್ಥ ಆಗದಿದ್ರೂ ಪರವಾಗಿಲ್ಲ, ಸುಮ್ಮನೆ ಮಾತ್ರ ಇರಬೇಡಿ," ಎಂದರು ಟೀಚರ್.

ಹಿಂದಿ ಬಿಟ್ಟು ಬೇರೆ ಮಾತೇ ಆಡದ ಯುವಕನೊಬ್ಬನಿದ್ದ. ತರಗತಿಯ ಹೆಂಗಸೊಬ್ಬಳು ಬೇಕೆಂದೇ ಅವನೆದುರು ಹೋಗಿ ಕುಳಿತಳು. ಬೆಳಿಗ್ಗೆ ಏನು ತಿಂಡಿ ಮಾಡಿದೆನೆಂದು ಹೇಳುವ ದನಿಯಲ್ಲಿ, ಕನ್ನಡದಲ್ಲಿ ಶುರುಮಾಡಿದಳು.

"ನಮ್ಮನೆಯವರು ಹನ್ನೊಂದು ದಿನ ಐಸಿಯುನಲ್ಲಿದ್ರು."

"ಕ್ಲಾರೊ," ಎಂದ. ಹೌದೌದು ಎಂದರ್ಥ.

"ಇನ್ನು ಏಳಲ್ಲ ಅಂದ್ರು ಡಾಕ್ಟ್ರು."

"ಇ ಲುಯೆಗೊ?" ಎಂದ. ಆಮೇಲೆ ಎಂದರ್ಥ.

"ಉಸಿರಾಟದ ಮೆಷಿನ್ ತೆಗೀರಿ ಅಂತ ನಾನೇ ಸೈನ್ ಹಾಕ್ದೆ. ಅತ್ತೆಗೆ ಗೊತ್ತಿಲ್ಲ. ಮಗ ತಾನಾಗೇ ಹೋದ ಅಂದ್ಕೊಂಡಿದಾರೆ."

ಅವನು ಏನೂ ಅನ್ನಲಿಲ್ಲ. ಪದ ಮರೆತಿರಬೇಕೆಂದು ಅವಳೇ ಪದಗಳ ಹಾಳೆಯನ್ನು ಅವನತ್ತ ತಳ್ಳಿದಳು. ಅವನು ಅದನ್ನು ನೋಡಲಿಲ್ಲ.

ಟೀಚರ್ ಚಪ್ಪಾಳೆ ತಟ್ಟಿ ಸಮಯವಾಯಿತೆಂದರು. ಅವಳು ಬ್ಯಾಗು ಹೆಗಲಿಗೇರಿಸಿ ಎದ್ದಳು.

"ಕುಂದರ್ರೀ ಅಕ್ಕಾ," ಎಂದ ಅವನು. "ಆಮ್ಯಾಲ?"