ವಿಲ್ಬರನ ಕೈಯಲ್ಲಿ ಏನಿರಬೇಕು

"ಈಗ ಗಿಟಾರ್ ಕೊಡು, ನೋಡೋಣ," ಎಂದಳು ಬಸೀಲಿಯಾ ದೊಡ್ಡಮ್ಮ.

ಮಾರ್ಲೆನಿ ಟ್ಯಾಬ್ಲೆಟ್ಟಿನ ಪರದೆ ಮುಟ್ಟಿದಳು. ಚಿತ್ರದಲ್ಲಿ ವಿಲ್ಬರನ ಕೈಲಿದ್ದ ಸಲಿಕೆ ಹೋಗಿ ಗಿಟಾರ್ ಬಂತು.

"ಅಯ್ಯೋ, ಇವನಿಗೆ ಸಂಗೀತದ ಗಂಧಗಾಳಿ ಇಲ್ಲ. ತೆಗಿ. ಲಾರಿ ಸ್ಟೀರಿಂಗ್ ಹಾಕು. ಹಾಂ, ಇದು ಒಪ್ಪುತ್ತೆ. ಒಂದು ಮಗು ಕೊಟ್ಟು ನೋಡು. ಯಾರಿಗ್ಗೊತ್ತು, ಕಳ್ಳ ಮದುವೆ ಆಗಿದ್ರೂ ಆಗಿರ್ಬಹುದು."

ದೊಡ್ಡಮ್ಮ ನಕ್ಕಳು. ಅವಳ ಮಗ ವಿಲ್ಬರ್ ಕಾಡಿನ ಚಿನ್ನದ ಗಣಿಗೆ ಕೂಲಿಗೆಂದು ಹೋಗಿ ಮೂರು ವರ್ಷವಾಗಿತ್ತು. ನಾಲ್ಕು ತಿಂಗಳು ಫೋನು ಬಂತು, ಆಮೇಲೆ ಅವನ ಸುದ್ದಿಯೇ ಇಲ್ಲ. ಇನ್ನು ಕಾದು ಏನು ಫಲ ಅಂದ ನೆರೆಯವಳಿಗೆ "ಬಿಡ್ತು ಅನ್ನು" ಎಂದು ಗದರಿ, ಅವಳ ಮುಖದ ಮೇಲೆ ಬಾಗಿಲು ಹಾಕಿದವಳು ದೊಡ್ಡಮ್ಮ.

ಲೀಮಾ ನಗರದ ಗುಡ್ಡದ ಮೇಲಿನ ಅವಳ ಮನೆಗೆ ತಗಡು ಹೋಗಿ ತಾರಸಿ ಬಂದಿತ್ತು. ಅಯಕುಚೊ ಬೆಟ್ಟಗಳಿಂದ ಇಳಿದು ಬಂದ ಇವರ ಊರಿನವರು ಚಾವಣಿ ಹಾಕಿದಾಗ ಹಲಗೆಯ ಮೇಲೆ ಚಿತ್ರ ಬರೆಸಿ ಅದರಡಿ ಕಟ್ಟುತ್ತಾರೆ. ಉದ್ದನೆಯ ಒಂದೇ ಹಲಗೆಯ ಮೇಲೆ ಇಡೀ ಕುಟುಂಬ. ಬದುಕಿರುವವರ ಕೈಯಲ್ಲಿ ಅವರವರ ಕಸುಬಿನ ಸಾಮಾನು, ಸತ್ತವರ ಕೈ ಖಾಲಿ. ಅಬ್ದೋನ್ ತಾತನ ಕೈ ನಡುಗಲು ಶುರುವಾದ ಮೇಲೆ ಹಲಗೆಗೆ ಬಣ್ಣ ಬರೆಯುವ ಕೋಳಿಗರಿ ಮೊಮ್ಮಗಳು ಮಾರ್ಲೆನಿಯ ಪಾಲಿಗೆ ಬಂದಿತ್ತು. ಅವಳ ಕಲಾಶಾಲೆಯವರೂ ಅದನ್ನೇ ಕೇಳಿದ್ದರು: ಒಂದೇ ಚಿತ್ರ ಟ್ಯಾಬ್ಲೆಟ್ಟಿನಲ್ಲೊಮ್ಮೆ, ಹಳೇ ಪದ್ಧತಿಯಲ್ಲೊಮ್ಮೆ, ಜೊತೆಗೆ ಕಲಿತದ್ದರ ಬಗ್ಗೆ ಒಂದು ಪುಟ. ಪುಟ ಆಗಲೇ ಸಿದ್ಧವಿತ್ತು. ಟ್ಯಾಬ್ಲೆಟ್ಟಿನಲ್ಲಿ ತಪ್ಪಿನ ಭಯವಿಲ್ಲ, ಬೇಡದ್ದನ್ನು ಅಳಿಸಬಹುದು ಎಂದು ಬರೆದು ಮೆಚ್ಚಿಕೊಂಡೂ ಇದ್ದಳು.

"ಆಟ ಆಡಿದ್ದು ಸಾಕು, ಬಣ್ಣ ಗಟ್ಟಿಯಾಗ್ತಿದೆ," ಎಂದ ತಾತ. "ಏನು ಹಿಡ್ಕೊಂಡಿದಾನೆ ಹೇಳು, ಬಸೀಲಿಯಾ."

"ನಂಗೇನು ಗೊತ್ತಪ್ಪ?"

"ಸಲಿಕೆ ಬರೀಲಾ ದೊಡ್ಡಮ್ಮ? ಹೋಗಿದ್ದು ಗಣಿಗೆ ತಾನೆ," ಎಂದಳು ಮಾರ್ಲೆನಿ.

"ಗೊತ್ತಿಲ್ಲದ್ದು ಬರೀಬೇಡ," ತಾತ ತಡೆದ. "ಹಲಗೆ ಮೇಲೆ ಬಿದ್ದಿದ್ದು ತೊಳೆದ್ರೆ ಹೋಗಲ್ಲ. ಅವಳಿರೋವರೆಗೂ ಅವಳ ತಲೆ ಮೇಲೇ ಇರುತ್ತೆ."

ದೊಡ್ಡಮ್ಮ ಟ್ಯಾಬ್ಲೆಟ್ ಎಳೆದುಕೊಂಡು, ಮಾರ್ಲೆನಿ ಮಾಡುವುದನ್ನು ನೋಡಿ ಕಲಿತಂತೆ, ತಾನೇ ಬೆರಳಿಟ್ಟಳು. ಮಗು ಹೋಯಿತು. ಸ್ಟೀರಿಂಗ್ ಬಂತು, ಹೋಯಿತು. ಗಿಟಾರ್, ಸಲಿಕೆ, ಒಂದೊಂದೇ ಹೋದವು. ಬರಿಗೈಯಲ್ಲಿ ನಿಂತ ಮಗನನ್ನು ತುಂಬ ಹೊತ್ತು ನೋಡಿದಳು.

"ಹೀಗೇ ಬರಿ," ಎಂದಳು.

"ಬೇಡ ದೊಡ್ಡಮ್ಮ. ಅವನ ಜಾಗ ಬಿಟ್ಟಿರೋಣ. ಇನ್ನೊಂದು ವರ್ಷ ನೋಡಿ..."

"ಮೂರು ವರ್ಷದಿಂದ ಇದನ್ನೇ ಮಾಡ್ತಿದೀನಿ ಕಣೇ. ದಿನಾ ಒಂದು ಬರೆಯೋದು, ದಿನಾ ಒಂದು ಅಳಿಸೋದು. ನನ್ನ ಕೈಲಾಗಲ್ಲ ಇನ್ನು."

ತಾತ ತಲೆ ತಗ್ಗಿಸಿದ. ಮಾರ್ಲೆನಿ ಗರಿಯನ್ನು ಬಣ್ಣಕ್ಕೆ ಅದ್ದಿದಳು. ಐದು ಬೆರಳು ಬರೆದಳು, ಮತ್ತೆ ಐದು. ಚಿಕ್ಕಂದಿನಲ್ಲಿ ಹೆಗಲ ಮೇಲೆ ಹೊತ್ತು ಗುಡ್ಡ ಹತ್ತಿಸಿದ್ದ ಅಣ್ಣನನ್ನು ತನ್ನ ಕೈಯಾರೆ ಕೊಂದಂತೆ ಅವಳಿಗೆ ಅನಿಸಿತು. ಶಾಲೆಗೆಂದು ಬರೆದ ಆ ಪುಟದ ಒಂದೊಂದು ಮಾತಿನ ಮೇಲೂ ಹೇಸಿಗೆ ಬಂತು. ಅದರ ಬದಲು ಬರೆಯಲು ಅವಳಲ್ಲಿ ಬೇರೆ ಏನೂ ಇರಲಿಲ್ಲ.

"ಗಾಳಿಗಿಡು, ಒಣಗಲಿ," ಎಂದ ತಾತ, ಗೋಡೆ ಹಿಡಿದು ಏಳುತ್ತ. "ಬಾ ಬಸೀಲಿಯಾ, ಸೂಪು ಆರ್ತಿದೆ."

ದೊಡ್ಡಮ್ಮ ಮಣೆಯೊಂದನ್ನು ಹಲಗೆಯ ಪಕ್ಕಕ್ಕೆ ಎಳೆದುಕೊಂಡಳು.

"ನೀವು ಊಟ ಮಾಡಿ. ಒಣಗೋವರೆಗೂ ನಾನು ಇವನ ಹತ್ರ ಕೂತಿರ್ತೀನಿ."