ಕೊನೆಯಲ್ಲಿ ನಡೆದವನು

ಅದೇ ಬಿದಿರುಮೆಳೆ ಎರಡನೆಯ ಸಲ ಎದುರಾದಾಗ, ದಾರಿ ತಪ್ಪಿದೆಯೆಂಬುದು ಅವನಿಗೆ ಖಾತ್ರಿಯಾಯಿತು. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ. ರಾಷ್ಟ್ರೀಯ ಉದ್ಯಾನದ ನಟ್ಟನಡುವೆ, ಸಾಲಿನ ಕಟ್ಟಕಡೆಯಲ್ಲಿ, ಏದುಸಿರು ಬಿಡುತ್ತ ನಡೆದ. ಕೊನೆಯಲ್ಲಿ ನಡೆಯುವುದರ ಲಾಭ ಅವನಿಗೆ ಗೊತ್ತಿತ್ತು: ಅಲ್ಲಿ ಯಾರೂ ಮುಖ ನೋಡುವುದಿಲ್ಲ.

ಎಲ್ಲರಿಗಿಂತ ಮುಂದೆ ನಿವೃತ್ತ ಶಿಕ್ಷಕಿ, ಕೈಯಲ್ಲೊಂದು ಕೋಲು ಹಿಡಿದು, ಮಕ್ಕಳನ್ನು ಪ್ರಾರ್ಥನೆಗೆ ಕರೆದೊಯ್ಯುವಂತೆ ಹೆಜ್ಜೆ ಹಾಕುತ್ತಿದ್ದರು. ನಡುವೆ ಹೊಸದಾಗಿ ಮದುವೆಯಾದ ಜೋಡಿ. ಅವರಿಗೆ ದಾರಿ ತಪ್ಪಿದರೂ ಒಂದೇ, ಸಿಕ್ಕರೂ ಒಂದೇ.

ಅವನಿಗೆ ಹಾಗಲ್ಲ. ಸಾಹೇಬರು ಹೋದ ವಾರವೇ ಎಚ್ಚರಿಸಿದ್ದರು, "ಇನ್ನೊಂದು ಸಲ ತಡವಾಗಿ ಬಂದ್ರೆ ಬೇರೆ ಕೆಲಸ ನೋಡ್ಕೋ." ಈ ವಯಸ್ಸಿನಲ್ಲಿ ಬೇರೆ ಕೆಲಸ ಯಾರು ಕೊಡುತ್ತಾರೆ? ಬೆಳಿಗ್ಗೆ ಹೆಂಡತಿಯೂ ಸುಮ್ಮನಿರಲಿಲ್ಲ. "ತರಕಾರಿ ತರೋಕೆ ಹೋದ್ರೂ ಯಾವುದೋ ಬೀದಿಗೆ ಹೋಗಿಬಿಡ್ತೀರ. ನಿಮಗ್ಯಾಕ್ರೀ ಈ ಕಾಡಿನ ಸಹವಾಸ?" ಎಂದಿದ್ದಳು. ಅವನು ಮೀಸೆ ತಿರುವಿ ಹೊರಟುಬಂದಿದ್ದ. ಈಗ ಆ ಮೀಸೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು.

ಮುಂದೆ ದಾರಿ ಕವಲೊಡೆಯಿತು. ಶಿಕ್ಷಕಿ ತಿರುಗಿ ನಿಂತರು. "ಎಡಕ್ಕಾ, ಬಲಕ್ಕಾ?"

ಅವನು ಮುಖದ ಬೆವರು ಒರೆಸಿಕೊಂಡ. "ನೀವೇನಂತೀರ ಮೇಡಂ?"

ಅವರ ಕಣ್ಣು ಅರಳಿತು. "ಬರೋವಾಗ ಹಳ್ಳ ಎಡಗಡೆ ಇತ್ತು. ವಾಪಸ್ ಹೋಗೋವಾಗ ಬಲಗಡೆ ಇರ್ಬೇಕಲ್ವಾ? ನೀರಿನ ಸದ್ದು ಬಲಗಡೆಯಿಂದ್ಲೇ ಕೇಳ್ತಿದೆ. ಹಾಗಾದ್ರೆ ಬಲಕ್ಕೆ."

"ಖಂಡಿತಾನಾ?"

ಅವರು ಒಂದು ಕ್ಷಣ ಕಿವಿಗೊಟ್ಟು ಕೇಳಿದರು. "ಖಂಡಿತ."

ಮುಂದಿನ ಕವಲಿನಲ್ಲೂ ಅದೇ ಕಥೆ. "ಯಾಕೆ ಹಾಗಂತೀರ?" ಎಂದು ಅವನು ನಡುಗುವ ದನಿ ಅಡಗಿಸಿಕೊಂಡು ಕೇಳಿದ. ಹೊಸ ಜೋಡಿಯೂ ಹಿಡಿದ ಕೈ ಬಿಟ್ಟು, ಸೂರ್ಯ ಎಲ್ಲಿದ್ದಾನೆ, ಹುಲ್ಲು ಯಾವ ಕಡೆ ತುಳಿದಂತಿದೆ ಎಂದು ಚರ್ಚೆಗಿಳಿಯಿತು. ಅವನು ಗಂಭೀರವಾಗಿ ತಲೆಯಾಡಿಸುತ್ತ, ಒಳಗೊಳಗೇ ಗೊತ್ತಿದ್ದ ದೇವರನ್ನೆಲ್ಲ ನೆನೆದ. ತನ್ನಂಥ ದಡ್ಡನನ್ನು ಈ ಕಾಡು ಇನ್ನೂ ನುಂಗಿಲ್ಲವಲ್ಲ ಎಂದು ಅವನಿಗೇ ನಗು ಬಂತು.

ಬಿಸಿಲು ಇಳಿಯುವಷ್ಟರಲ್ಲಿ ಗೇಟು ಕಂಡಿತು. ಪಕ್ಕದಲ್ಲೇ ಸಾಹೇಬರು ಕೈಕಟ್ಟಿ ನಿಂತಿದ್ದರು. ಅವನು ಜೋಡಿಯ ಬೆನ್ನ ಹಿಂದೆ ಸರಿದು ನಿಂತ.

ಶಿಕ್ಷಕಿ ನೇರವಾಗಿ ಸಾಹೇಬರ ಬಳಿಗೇ ಹೋದರು. "ಜೀವಮಾನವೆಲ್ಲ ಪಾಠ ಮಾಡಿದೋಳು ನಾನು. ಇವರು ಉತ್ತರ ಗೊತ್ತಿದ್ದೂ ಬಾಯಿಬಿಡದೆ, ಕೊನೇವರೆಗೂ ಎಲ್ಲಾನೂ ನಮ್ಮಿಂದ್ಲೇ ಹೇಳಿಸಿದ್ರಲ್ಲ, ಇಂಥ ಮೇಷ್ಟ್ರನ್ನ ಎಲ್ಲೂ ನೋಡಿಲ್ಲ."

ಸಾಹೇಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಾಳೆಯಿಂದ ನೀನು ಗೈಡ್ ಕೆಲಸಕ್ಕೆ ಬರೋದು ಬೇಡ," ಎಂದರು, "ಹೊಸ ಗೈಡ್‌ಗಳಿಗೆ ದಾರಿ ಹೇಳಿಕೊಡು."