ಮೊದಲ ಗುಟುಕು

"ಮೊದಲ ಗುಟುಕು ಈ ಸಲ ಕೊಗ್ಗನಿಗೆ," ಎಂದು ಫ್ರೆಡ್ಡಿ ಗೆದ್ದ ಕಪ್ಪಿಗೆ ಶರಬತ್ತು ತುಂಬಿ ಚಾಚಿದಾಗ ಗಲ್ಫಿನ ಘಾಲಾದ ಮರಳು ಮೈದಾನದಲ್ಲಿ ಟೀಮಿನವರೆಲ್ಲ ಸುತ್ತ ನೆರೆದರು. ಗ್ಯಾರೇಜಿನವರ ಫುಟ್‌ಬಾಲ್ ಟೀಮು ಸತತ ಐದನೇ ವರ್ಷ ಫೈನಲ್ ಗೆದ್ದಿತ್ತು. ಗೆಲ್ಲಿಸಿದವನೇ ಮೊದಲು ಕುಡಿಯುವುದು ಅವರ ವಾಡಿಕೆ. ಹಿಂದಿನ ನಾಲ್ಕು ಸಲವೂ ಗೋಲು ಹೊಡೆದ ಫ್ರೆಡ್ಡಿಯೇ ಕುಡಿದಿದ್ದ.

"ಕಡೆಗೂ ಒಪ್ಪಿಕೊಂಡನಲ್ಲ ಮಾರಾಯ! ನಮ್ಮನ್ನು ಗೆಲ್ಲಿಸಿದ್ದು ಇವನ ಕಾಲಲ್ಲ, ಕೊಗ್ಗಣ್ಣನ ಡಿಫೆನ್ಸು!" ಎಂದು ಟೀಮಿನ ಕಿರಿಯ ಬೋಜ ಕುಣಿದ. ರೂಮಿನಲ್ಲಿ ಊಟಕ್ಕೆ ಕೂತಾಗಲೆಲ್ಲ ಅವನದು ಇದೇ ಜಗಳ.

ಕೊಗ್ಗ ಕಪ್ ಮುಟ್ಟಲಿಲ್ಲ. ಮರಳಿನಲ್ಲಿ ನೀಡಿಕೊಂಡಿದ್ದ ಅವನ ಬಲಮಂಡಿ ಬಾತುಹೋಗಿತ್ತು. ನೋವು ಯಾರಿಗೂ ತಿಳಿಯದ ಹಾಗೆ ಆಡಿದೆ ಅಂದುಕೊಂಡಿದ್ದ.

"ಫ್ರೆಡ್ಡಿ, ಹಿಂದೆ ನಾನಿದ್ದೇನೆ ಅಂತ ಇಷ್ಟು ವರ್ಷ ನೀನು ಒಮ್ಮೆಯೂ ತಿರುಗಿ ನೋಡದೆ ಓಡಿದವನು. ಇವತ್ತು ಯಾಕೆ ತಿರುಗಿ ತಿರುಗಿ ನೋಡಿದ್ದು?"

ಫ್ರೆಡ್ಡಿ ಅವನ ಬಾತ ಮಂಡಿಯತ್ತ ನೋಡಿದ. ಚಾಚಿದ ಕೈ ಹಾಗೇ ಇತ್ತು.

ಕೊಗ್ಗ ಕಪ್ ತೆಗೆದುಕೊಂಡು ಒಂದು ಗುಟುಕು ಕುಡಿದ. ಆಮೇಲೆ ನಿಧಾನವಾಗಿ ಬೂಟು ಬಿಚ್ಚಿ, ಕುಣಿಯುತ್ತಿದ್ದ ಬೋಜನ ಮುಂದಿಟ್ಟ.

"ಖಲಾಸ್, ನನ್ನ ಆಟ ಮುಗಿಯಿತು. ಇನ್ನು ಹಿಂದೆ ನೀನು ನಿಲ್ಲು. ಇವನು ತಿರುಗಿ ನೋಡುವ ಹಾಗೆ ಆಗಬಾರದು."